ಹಿಮದ ಗುಂಡಿ

ಬೇಶೆಹಿರ್ ಕೆರೆ ಹೆಪ್ಪುಗಟ್ಟಿದ ಬೆಳಿಗ್ಗೆಗಳಲ್ಲಿ
ಅಜ್ಜ ಸಾತಿಲ್ಮಿಶ್ ಮರದ ಸಲಿಕೆ ಹೆಗಲಿಗಿಟ್ಟು
ಮಸೀದಿಯ ಮಣ್ಣಿನ ಮಾಳಿಗೆ ಹತ್ತುತ್ತಿದ್ದ.
ಹಿಂದೆ ನಾನು, ಅವನದೇ ಹಳೆಯ ಕೋಟಿನೊಳಗೆ,
ತೋಳು ಮೊಣಕಾಲ ತನಕ.

ಮಾಳಿಗೆಯ ನಡುವೆ ಆಕಾಶಕ್ಕೆ ತೆರೆದ ಒಂದು ಬಾಯಿ.
ಅದರ ನೇರ ಕೆಳಗೆ, ನಮಾಜಿನ ನೆಲದಲ್ಲಿ, ಒಂದು ಗುಂಡಿ.
ಬಿದ್ದ ಹಿಮವನ್ನೆಲ್ಲ ಬಾಚಿ ಬಾಚಿ
ಅಜ್ಜ ಆ ಬಾಯಿಗೆ ಸುರಿಯುತ್ತಿದ್ದ,
ಹಟಮಾರಿ ಕೂಸಿಗೆ ತುತ್ತಿಡುವ ಹಾಗೆ, ಬಯ್ಯುತ್ತಲೇ.

ದೇವರ ಮನೆಯೊಳಗೆ ಹಿಮ ಯಾಕಜ್ಜ?
ದೇವರಿಗಲ್ಲ ಕಣೆ. ಕಂಬಗಳಿಗೆ.
ಅವಕ್ಕೆ ಬಾಯಾರಿಕೆ.

ದೇವದಾರುವಿನ ಕಂಬಗಳು.
ಬೆಟ್ಟದಲ್ಲಿ ಕಡಿದು, ಆರು ತಿಂಗಳು ಕೆರೆಯಲ್ಲಿ ಮುಳುಗಿಸಿ,
ಆಮೇಲೆ ಎತ್ತಿ ನಿಲ್ಲಿಸಿದರಂತೆ.
ಕಟ್ಟಿಸಿದ ದೊರೆಯ ವಂಶ ಮೂರು ದಶಕ ಬಾಳಿತೋ ಇಲ್ಲವೋ,
ಮಂಗೋಲರ ದಂಡು ಬಂತು.
ಕಡೆಯವನನ್ನೂ ಇದೇ ಕೆರೆಗೆ ದೂಡಿದರೆಂದು ಊರ ಮಾತು.
ಮರ ಮುಳುಗಿ ಗಟ್ಟಿಯಾಯಿತು.
ಮನುಷ್ಯನಿಗೆ ಆ ವಿದ್ಯೆ ಬರಲಿಲ್ಲ.

ಕಂಬ ಎಷ್ಟು?
ಅಜ್ಜನ ಲೆಕ್ಕಕ್ಕೆ ನಲವತ್ತೆರಡು,
ಪ್ರವಾಸಿಗರ ಮುಂದೆ ಗೈಡು ಹೇಳುವುದು ನಲವತ್ತಾರು.
ನಾನು ಎಣಿಸಹೊರಟಾಗಲೆಲ್ಲ
ಯಾವುದಾದರೊಂದು ಕಂಬದ ಹಿಂದೆ
ಯಾರೋ ಒಬ್ಬರು ತಲೆಬಾಗಿ ಕೂತಿರುತ್ತಿದ್ದರು,
ಲೆಕ್ಕ ತಪ್ಪುತ್ತಿತ್ತು.

ಮೇಲೆ, ತೊಲೆಗಳ ಮೇಲೆ, ಮಸುಕು ಕೆಂಪಿನ ಬಳ್ಳಿ.
ಕಂಬದ ತಲೆಗೆ ಮರದಲ್ಲೇ ಬಿಡಿಸಿದ ಜೇನುಹಟ್ಟಿ,
ಜೇನಿಲ್ಲದ್ದು, ಎಷ್ಟೋ ಚಳಿಗಾಲ ಕಂಡದ್ದು.
ಮಿಹ್ರಾಬಿನ ಹೆಂಚಿನಲ್ಲಿ ನವಿಲುಗೊರಳಿನ ನೀಲಿ,
ಅದರ ಪಕ್ಕ ಬದನೆಕಾಯಿ ಬಣ್ಣ.
ಅಜ್ಜಿ ದೊಂದೂ ಆ ಬಣ್ಣದ ಕಂಬಳಿ ನೇಯಲು
ಮೂರು ಸಲ ಉಣ್ಣೆ ಕುದಿಸಿ ಸೋತಳು.
ಅಕ್ರೂಟ್ ಮರದ ಮಿಂಬರಿಗೆ ಮೊಳೆಯೂ ಇಲ್ಲ, ಅಂಟೂ ಇಲ್ಲ;
ಚೂರು ಚೂರನ್ನು ಹಿಡಿದು ಕೂತಿದೆ,
ಜಗಳವಾಡಿದ ದಿನವೂ ಒಂದೇ ಹಾಸಿಗೆಯಲ್ಲಿ ಮಲಗುವ
ನಮ್ಮೂರ ಗಂಡಹೆಂಡಿರ ಹಾಗೆ.

ನನಗೆ ಎಲ್ಲಕ್ಕಿಂತ ಇಷ್ಟ ಹೊರಗಿನ ಓರೆಗೋಡೆ.
ನಾಲ್ಕೂ ಮೂಲೆ ನೇರವಿರಬೇಕಾದ ಕಟ್ಟಡ
ಬಾಗಿಲ ಕಡೆ ಒಂದು ಮೂಲೆಯನ್ನೇ ಕತ್ತರಿಸಿಕೊಂಡಿದೆ.
ಪಂಡಿತರಲ್ಲಿ ಇದಕ್ಕೆ ಏನೇನೋ ಕಾರಣವಿದೆ.
ಅಜ್ಜನದು ಒಂದೇ:
ಅಲ್ಲಿ ಸಂತೆಯ ದಾರಿಯಿತ್ತು.
ಕುರಿ ತರುವವನಿಗೆ ಅಡ್ಡವಾಗಿ ನಿಂತು
ಯಾವ ಪ್ರಾರ್ಥನೆ ಮಾಡುತ್ತೀ?

ಈಗ ಆ ಬಾಯಿಗೆ ಗಾಜು ಮುಚ್ಚಿದೆ.
ಮಾಳಿಗೆಗೆ ಲೋಹದ ಹೊದಿಕೆ, ಹಿಮ ತಾನೇ ಜಾರಿ ಬೀದಿಗೆ ಬೀಳುತ್ತದೆ.
ಗುಂಡಿಯ ಸುತ್ತ ಕಟಕಟೆ, ಒಳಗೆ ಒಣ ನೆಲ,
ಯಾರೋ ಎಸೆದ ಎರಡು ನಾಣ್ಯ.
ಇಂಜಿನಿಯರ್ ನೆವ್ಜತ್ ಕಂಬಕ್ಕೆ ಸೂಜಿ ಚುಚ್ಚಿ
ತೇವದ ಅಂಕಿ ಓದಿ, ಪರವಾಗಿಲ್ಲ ಎಂದ.
ಒಳ್ಳೆಯ ಹುಡುಗ. ಸುಳ್ಳು ಹೇಳುವವನಲ್ಲ.
ಆದರೆ ಇರುಳಿನಲ್ಲಿ, ಹೀಟರು ಆರಿದ ಮೇಲೆ,
ಒಂದಾದ ಮೇಲೊಂದು ಕಂಬ ಟಕ್ ಎನ್ನುತ್ತದೆ,
ಸುಜೂದಿನಿಂದ ಏಳುವಾಗ
ಅಜ್ಜನ ಮಂಡಿ ಅನ್ನುತ್ತಿದ್ದ ಹಾಗೆ.

ಅವನು ಹೋದ ವರ್ಷದ ಮೊದಲ ಹಿಮಕ್ಕೆ
ನಾನು ತಲೆವಸ್ತ್ರ ಬಿಚ್ಚಿ ಅಂಗಳದ ಹಿಮ ಕಟ್ಟಿಕೊಂಡೆ.
ಒಳಗೆ ಕಾವಲಿನ ಯಾಕುಪ್ ಕೆಮ್ಮಿ,
ಬೆನ್ನು ತಿರುಗಿಸಿ,
ಆಗಲೇ ಸಾಲಾಗಿದ್ದ ಚಪ್ಪಲಿಗಳನ್ನು
ಮತ್ತೆ ಸಾಲು ಮಾಡತೊಡಗಿದ.

ಗುಂಡಿಯೊಳಗೆ ನನ್ನ ಹಿಮ
ಒಂದು ಹಿಟ್ಟಿನ ಮುದ್ದೆಯಷ್ಟೂ ಇರಲಿಲ್ಲ.
ಕಂಬಗಳು ಏನೂ ಹೇಳಲಿಲ್ಲ.
ಕಟಕಟೆ ಹಿಡಿದು ಬಹಳ ಹೊತ್ತು ನಿಂತಿದ್ದೆ;
ವಸ್ತ್ರದಿಂದ ನೀರಿಳಿದು
ಕಾಲ್ಚೀಲ ಒದ್ದೆಯಾಗಿತ್ತು.